ಮೇ ತಿಂಗಳಲ್ಲಿ ಜಪಾನ್: ಮಲೆನಾಡಿನ ಮನೆಯಿಂದ ಹೊರಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಬೇಲೂರಿನ ಕಡೆಯ ಕಾಫಿ ಬೆಳೆಗಾರ ಕುಟುಂಬಗಳಿಗೆ ದೂರದ ಪ್ರವಾಸಕ್ಕೆ ಬಿಡುವು ಸಿಗುವುದು ವರ್ಷಕ್ಕೆ ಒಂದೇ ಸಲ. ನವೆಂಬರಿನಿಂದ ಮಾರ್ಚ್‌ವರೆಗೆ ಕೊಯ್ಲು ಮತ್ತು ಕಣದ ಕೆಲಸ. ಅದು ಮುಗಿಯುವಷ್ಟರಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಯ ಕಾಯುವಿಕೆ, ಮಳೆ ಕೈಕೊಟ್ಟರೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್. ಜೂನ್ ಕಾಲಿಟ್ಟರೆ ಮುಂಗಾರು, ಮಕ್ಕಳ ಶಾಲೆ, ಗೊಬ್ಬರ, ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣ. ಉಳಿಯುವುದು ಮೇ ತಿಂಗಳೊಂದೇ. ಆ ತಿಂಗಳಲ್ಲಿ ಹೋಗಲು ತಕ್ಕ ದೇಶಗಳು ಹಲವಿದ್ದರೂ, ಬೆಂಗಳೂರಿನಿಂದ ನೇರ ವಿಮಾನವಿರುವ, ಹವೆ ಹಿತವಾಗಿರುವ, ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ನಿರಾತಂಕವಾಗಿ ಓಡಾಡಬಹುದಾದ ದೇಶ ಜಪಾನ್ ಎಂಬುದು ನನ್ನ ಅಭಿಪ್ರಾಯ. ಆದುದರಿಂದ ಈ ಮಾರ್ಗದರ್ಶಿಯನ್ನು ಆ ಒಂದು ದೇಶಕ್ಕೇ ಸೀಮಿತಗೊಳಿಸಿದ್ದೇನೆ.

ಮೊದಲು ದಿನಾಂಕ, ಉಳಿದದ್ದೆಲ್ಲ ಆಮೇಲೆ

ಹೆಚ್ಚಿನವರು ನೋಡಬೇಕಾದ ಊರುಗಳ ಪಟ್ಟಿಯಿಂದ ಯೋಜನೆ ಆರಂಭಿಸುತ್ತಾರೆ. ಮೇ ತಿಂಗಳ ಜಪಾನ್ ಪ್ರವಾಸಕ್ಕೆ ಈ ಕ್ರಮ ಸರಿಹೋಗುವುದಿಲ್ಲ, ಏಕೆಂದರೆ ಇಲ್ಲಿ ದಿನಾಂಕವೇ ಉಳಿದೆಲ್ಲವನ್ನೂ ನಿರ್ಧರಿಸುತ್ತದೆ. ಜಪಾನಿನಲ್ಲಿ ಏಪ್ರಿಲ್ 29, ಮೇ 3, 4 ಮತ್ತು 5 ರಾಷ್ಟ್ರೀಯ ರಜಾದಿನಗಳು. ಇವುಗಳ ನಡುವಿನ ದಿನಗಳನ್ನೂ ಸೇರಿಸಿ ಜನ ಊರು ಬಿಡುವ ಈ ಅವಧಿಗೆ ಗೋಲ್ಡನ್ ವೀಕ್ ಎಂದು ಹೆಸರು. ಮೇ 3 ಅಥವಾ ಅದರ ಮುಂದಿನ ರಜೆಗಳಲ್ಲೊಂದು ಭಾನುವಾರ ಬಂದರೆ ರಜೆ 6ರವರೆಗೂ ಸಾಗುತ್ತದೆ. ಈ ದಿನಗಳಲ್ಲಿ ರೈಲುಗಳು ತುಂಬಿರುತ್ತವೆ, ಹೋಟೆಲುಗಳ ದರ ಏರಿರುತ್ತದೆ, ಪ್ರಸಿದ್ಧ ದೇವಾಲಯಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಮ್ಮ ಕಡೆ ದಸರಾ ರಜೆಯಲ್ಲಿ ಮೈಸೂರಿಗೆ ಹೋದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನೊಂದು ತುದಿಯಲ್ಲಿ ಮಳೆಯಿದೆ. ಟೋಕಿಯೊ ಮತ್ತು ಕ್ಯೋಟೊ ಪ್ರದೇಶಗಳಲ್ಲಿ ತ್ಸುಯು ಎಂಬ ಮಳೆಗಾಲ ಸಾಮಾನ್ಯವಾಗಿ ಜೂನ್ ಮೊದಲ ವಾರದ ಸುಮಾರಿಗೆ ಆರಂಭವಾಗುತ್ತದೆ. ನಮ್ಮ ಮುಂಗಾರು ಘಟ್ಟ ಹತ್ತುವುದೂ ಹೆಚ್ಚುಕಡಿಮೆ ಅದೇ ವಾರದಲ್ಲಿ. ರಾಜ್ಯದ ಶಾಲೆಗಳು ಮೇ ಕೊನೆಯ ವಾರದಲ್ಲೇ ಬಾಗಿಲು ತೆರೆಯುತ್ತವೆ. ಹೀಗಾಗಿ ಮೇ 8ರಿಂದ 26ರವರೆಗಿನ ಅವಧಿಯೊಳಗೆ ಹತ್ತು ಹನ್ನೊಂದು ದಿನಗಳನ್ನು ಆರಿಸಿಕೊಳ್ಳುವುದು ಎಲ್ಲ ಕಡೆಯಿಂದಲೂ ಕ್ಷೇಮ. ಆಗ ಟೋಕಿಯೊದಲ್ಲಿ ಹಗಲಿನ ಉಷ್ಣತೆ ಸುಮಾರು 23 ಡಿಗ್ರಿ, ಬೆಳಗಿನ ಜಾವ 15ರ ಆಸುಪಾಸು. ಓಕಿನಾವಾ ದ್ವೀಪಗಳನ್ನು ಮಾತ್ರ ಈ ಲೆಕ್ಕದಿಂದ ಹೊರಗಿಡಬೇಕು, ಅಲ್ಲಿ ಮಳೆಗಾಲ ಮೇ ಮಧ್ಯಕ್ಕೂ ಮೊದಲೇ ಇಳಿಯುವುದು ಸಾಮಾನ್ಯ.

ಹಾಸನ, ಅರಕಲಗೂಡು ಕಡೆಯ ಆಲೂಗಡ್ಡೆ ಬೆಳೆಗಾರರಿಗೆ ಈ ಅವಧಿ ಒಗ್ಗುವುದಿಲ್ಲ, ಬಿತ್ತನೆ ಬಂದು ನಿಲ್ಲುವುದು ಅದೇ ಸಮಯಕ್ಕೆ. ಅವರು ಗೋಲ್ಡನ್ ವೀಕಿಗಿಂತ ಮೊದಲು, ಏಪ್ರಿಲ್ 10ರಿಂದ 25ರ ನಡುವೆ ಹೋಗಿಬರುವುದು ಮೇಲು. ಸಕುರಾ ಎಂಬ ಚೆರ್ರಿ ಹೂವಿನ ಆಸೆ ಇಟ್ಟುಕೊಂಡವರಿಗೂ ಒಂದು ಮಾತು: ಟೋಕಿಯೊ ಮತ್ತು ಕ್ಯೋಟೊಗಳಲ್ಲಿ ಆ ಹೂವು ಮಾರ್ಚ್ ಕೊನೆ ಮತ್ತು ಏಪ್ರಿಲ್ ಆರಂಭದಲ್ಲೇ ಅರಳಿ ಉದುರಿರುತ್ತದೆ. ಮೇ ತಿಂಗಳಲ್ಲಿ ಅದನ್ನು ನೋಡಬೇಕೆಂದರೆ ಉತ್ತರದ ಹೊಕ್ಕೈಡೊಗೇ ಹೋಗಬೇಕು, ಅಲ್ಲಿಯೂ ತಿಂಗಳ ಮೊದಲ ಭಾಗದಲ್ಲಿ ಮಾತ್ರ.

ಪಾಸ್‌ಪೋರ್ಟ್ ಮತ್ತು ಹೆಸರಿನ ತೊಡಕು

ಮೇ ಪ್ರವಾಸದ ಕೆಲಸ ಜನವರಿಯಲ್ಲಿ, ಕಣದಲ್ಲಿ ಕಾಫಿ ಒಣಗುತ್ತಿರುವಾಗಲೇ ಆರಂಭವಾಗಬೇಕು. ಮನೆಯ ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ಹೊರತೆಗೆದು ಮುಕ್ತಾಯದ ದಿನಾಂಕ ನೋಡಿ. ಮರಳಿ ಬರುವ ದಿನದಿಂದ ಮುಂದೆ ಕನಿಷ್ಠ ಆರು ತಿಂಗಳ ಅವಧಿ ಮತ್ತು ಎರಡು ಖಾಲಿ ಪುಟ ಉಳಿದಿರುವಂತೆ ನೋಡಿಕೊಳ್ಳುವುದು ಒಳ್ಳೆಯದು. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಆಯುಸ್ಸು ಎಂಬುದು ಅನೇಕರಿಗೆ ನೆನಪಾಗುವುದು ಟಿಕೆಟ್ ಕೊಂಡ ಮೇಲೆ. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ 2017ರ ಜನವರಿಯಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಹಾಸನದಲ್ಲಿಯೂ ಅಂಥ ಕೇಂದ್ರವಿರುವುದರಿಂದ ಈಗ ಪ್ರತಿಯೊಂದಕ್ಕೂ ಬೆಂಗಳೂರಿಗೆ ಓಡಬೇಕಾಗಿಲ್ಲ. ಪೊಲೀಸ್ ಪರಿಶೀಲನೆಗೆ ತಗಲುವ ಸಮಯ ಊರಿಂದೂರಿಗೆ ಬೇರೆಯಾಗುವುದರಿಂದ ಎರಡು ತಿಂಗಳು ಕೈಯಲ್ಲಿಟ್ಟುಕೊಂಡು ಅರ್ಜಿ ಹಾಕಿ.

ನಮ್ಮ ಭಾಗದವರಿಗೆ ನಿಜವಾದ ತಲೆನೋವು ಬರುವುದು ಹೆಸರಿನಲ್ಲಿ. ಎಚ್.ಡಿ., ಕೆ.ಎಂ., ಬಿ.ಎಲ್. ಎಂದು ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರ ಇಟ್ಟುಕೊಳ್ಳುವ ರೂಢಿ ನಮ್ಮದು, ಪಾಸ್‌ಪೋರ್ಟಿನಲ್ಲಿ ಅವನ್ನು ಬಿಡಿಸಿ ಬರೆಯಬೇಕಾಗುತ್ತದೆ. ಆಧಾರ್‌ನಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು ರೀತಿ ಇದ್ದರೆ ವೀಸಾ ಅರ್ಜಿಯೊಡನೆ ಕೊಡುವ ಕಾಗದಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಂಥ ಸಂದರ್ಭದಲ್ಲಿ ಎಲ್ಲ ಹೆಸರುಗಳೂ ಒಬ್ಬರದೇ ಎಂದು ತಿಳಿಸುವ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಿಟ್ಟುಕೊಳ್ಳಬೇಕು. ಹಳೆಯ ತಲೆಮಾರಿನ ಅನೇಕರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿಯೇ ಇರುತ್ತದೆ. ವಿಮಾನ ಸಂಸ್ಥೆಗಳ ಜಾಲತಾಣಗಳು ಆ ಜಾಗವನ್ನು ಖಾಲಿ ಬಿಡಲು ಒಪ್ಪುವುದಿಲ್ಲ, ಏನು ತುಂಬಬೇಕೆಂಬುದಕ್ಕೆ ಒಂದೊಂದು ಸಂಸ್ಥೆಗೂ ಒಂದೊಂದು ನಿಯಮ. ಇದನ್ನು ಹಣ ಕಟ್ಟುವ ಮೊದಲೇ ಅವರ ಗ್ರಾಹಕ ಸೇವೆಗೆ ಕರೆಮಾಡಿ ಕೇಳಿ ಖಚಿತಪಡಿಸಿಕೊಳ್ಳಬೇಕು, ಟಿಕೆಟ್ ಆದ ಮೇಲೆ ಹೆಸರು ತಿದ್ದಿಸುವುದು ಕಷ್ಟ.

ಎಸ್ಸೆಸ್ಸೆಲ್ಸಿ ಪಾಸಾಗದ ಹಿರಿಯರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಮುದ್ರೆ ಇರುವುದುಂಟು. ಅದು ಕೆಲವು ನಿರ್ದಿಷ್ಟ ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವವರಿಗೆ ಸಂಬಂಧಿಸಿದ್ದು. ಜಪಾನಿಗೆ ಪ್ರವಾಸ ಹೋಗುವ ಅಜ್ಜ ಅಜ್ಜಿಯರು ಅದನ್ನು ಕಂಡು ಹೆದರಬೇಕಾಗಿಲ್ಲ.

ವಿಮಾನ

ಬೆಂಗಳೂರಿನಿಂದ ಟೋಕಿಯೊದ ನರಿತಾ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸ್ ನೇರ ವಿಮಾನ ಹಾರಿಸುತ್ತದೆ, ಪ್ರಯಾಣ ಸುಮಾರು ಎಂಟು ಗಂಟೆ. ಸಿಂಗಾಪುರ, ಬ್ಯಾಂಕಾಕ್, ಹಾಂಗ್‌ಕಾಂಗ್ ಅಥವಾ ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸಿ ಹೋಗುವುದು ಹಲವು ವೇಳೆ ಅಗ್ಗವಾಗುತ್ತದೆ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ: ಟೋಕಿಯೊದಲ್ಲಿ ಇಳಿದು ಒಸಾಕಾದ ಕನ್ಸಾಯಿ ನಿಲ್ದಾಣದಿಂದ ಮರಳುವಂತೆ ಒಂದೇ ಟಿಕೆಟ್ ಮಾಡಿಸಿದರೆ, ಬಂದ ದಾರಿಯಲ್ಲೇ ಟೋಕಿಯೊಗೆ ಹಿಂದಿರುಗುವ ರೈಲು ಖರ್ಚು ಮತ್ತು ಅರ್ಧ ದಿನ ಉಳಿಯುತ್ತವೆ. ಎಪ್ಪತ್ತು ದಾಟಿದವರು ಜೊತೆಯಲ್ಲಿದ್ದರೆ ನೇರ ವಿಮಾನ, ಉಳಿದವರಿಗೆ ಟೋಕಿಯೊದಲ್ಲಿಳಿದು ಒಸಾಕಾದಿಂದ ಏರುವ ಟಿಕೆಟ್ ಎಂದು ನಾನು ಸಲಹೆ ಕೊಡುತ್ತೇನೆ. ವೀಸಾ ಅರ್ಜಿಗೆ ಪ್ರಯಾಣದ ಮುಂಗಡ ಬುಕಿಂಗ್ ವಿವರ ಬೇಕಾಗುತ್ತದೆ; ವೀಸಾ ಕೈಸೇರುವವರೆಗೆ ರದ್ದುಮಾಡಿದರೆ ಹಣ ಮರಳದ ಟಿಕೆಟನ್ನು ಮಾತ್ರ ಕೊಳ್ಳಬೇಡಿ.

ಟೂರ್ ಕಂಪನಿಯ ಪ್ಯಾಕೇಜಿನಲ್ಲಿ ಹೋಗುವವರಿಂದ ಕಂಪನಿಯು ಪ್ಯಾಕೇಜಿನ ಮೊತ್ತದ ಮೇಲೆ ಟಿಸಿಎಸ್ ಎಂಬ ತೆರಿಗೆಯನ್ನು ಸಂಗ್ರಹಿಸುತ್ತದೆ. ಇದರ ದರ ಬಜೆಟ್ಟಿನಲ್ಲಿ ಬದಲಾಗುತ್ತಿರುತ್ತದೆ. ಈ ಹಣ ಪ್ಯಾನ್ ಸಂಖ್ಯೆಯ ಖಾತೆಗೆ ಜಮೆಯಾಗುವುದರಿಂದ, ಬೇರೆ ತೆರಿಗೆ ಬಾಕಿ ಇಲ್ಲದ ಕೃಷಿಕರೂ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಕೇಳಬಹುದು.

ವೀಸಾ: ಕೃಷಿಕರು ಗಮನಿಸಬೇಕಾದದ್ದು

ಭಾರತೀಯರಿಗೆ ಜಪಾನಿನ ಪ್ರವಾಸಿ ವೀಸಾ ಕಡ್ಡಾಯ. ಅರ್ಜಿಯನ್ನು, ವೀಸಾ ಅರ್ಜಿಗಳನ್ನು ಸ್ವೀಕರಿಸುವ ವಿಎಫ್‌ಎಸ್ ಸಂಸ್ಥೆಯ ಬೆಂಗಳೂರು ಕೇಂದ್ರದ ಮೂಲಕ ಸಲ್ಲಿಸಬೇಕು. ವೀಸಾ ನೀಡಿದ ಮೂರು ತಿಂಗಳೊಳಗೆ ಆ ದೇಶವನ್ನು ಪ್ರವೇಶಿಸಬೇಕಾದ್ದರಿಂದ ತೀರ ಮೊದಲೇ ಅರ್ಜಿ ಹಾಕುವಂತಿಲ್ಲ. ಗೋಲ್ಡನ್ ವೀಕಿನ ರಜೆ ಅವರ ಕಚೇರಿಗಳಿಗೂ ಬರುವ ಕಾರಣ ಏಪ್ರಿಲ್ ಕೊನೆಯವರೆಗೆ ತಳ್ಳುವಂತೆಯೂ ಇಲ್ಲ. ಮೇ ಮಧ್ಯದ ಪ್ರಯಾಣಕ್ಕೆ ಮಾರ್ಚ್ ಕೊನೆಯ ವಾರ ಅಥವಾ ಏಪ್ರಿಲ್ ಮೊದಲ ವಾರ ಸರಿಯಾದ ಸಮಯ.

ಅರ್ಜಿ, ಭಾವಚಿತ್ರ, ಪ್ರಯಾಣ ಮತ್ತು ವಸತಿಯ ಬುಕಿಂಗ್, ಆರು ತಿಂಗಳ ಬ್ಯಾಂಕ್ ವಿವರ, ಆದಾಯ ತೆರಿಗೆ ರಿಟರ್ನ್, ದಿನವಾರು ಕಾರ್ಯಕ್ರಮಪಟ್ಟಿ: ಇವು ಮುಖ್ಯ ದಾಖಲೆಗಳು. ಸಂಬಳದಾರರಿಗೆ ಇದು ಸುಲಭ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿರುವುದರಿಂದ ರಿಟರ್ನನ್ನೇ ಸಲ್ಲಿಸದ ಬೆಳೆಗಾರರು ಮಾತ್ರ ಒಂದಿಷ್ಟು ಹೆಚ್ಚಿನ ಕೆಲಸ ಮಾಡಬೇಕು. ತೋಟದ ವಿಸ್ತೀರ್ಣ, ಬೆಳೆ, ವಾರ್ಷಿಕ ಉತ್ಪನ್ನ, ರಿಟರ್ನ್ ಸಲ್ಲಿಸದಿರುವುದಕ್ಕೆ ಕಾರಣ ಇವನ್ನು ತಿಳಿಸುವ ಒಂದು ಪುಟದ ವಿವರಣಾ ಪತ್ರವನ್ನು ಇಂಗ್ಲಿಷಿನಲ್ಲಿ ಬರೆದು, ಅದರೊಂದಿಗೆ ಪಹಣಿಯ ಪ್ರತಿಯನ್ನೂ ಅದರ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಬೇಕು.

ಬ್ಯಾಂಕ್ ವಿವರವನ್ನು ವೀಸಾ ಅಧಿಕಾರಿಯ ಕಣ್ಣಿನಿಂದ ಒಮ್ಮೆ ಓದಿ ನೋಡಿ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಕೂಲಿ, ಗೊಬ್ಬರ, ಡೀಸೆಲ್ ಎಂದು ಹಣ ಹೊರಗೆ ಹೋಗುತ್ತಲೇ ಇದ್ದು, ಫೆಬ್ರವರಿಯಲ್ಲಿ ಒಂದೇ ದಿನ ಲಕ್ಷಾಂತರ ರೂಪಾಯಿ ಜಮೆಯಾಗಿರುತ್ತದೆ. ಇದು ಕಾಫಿ ಮಾರಿದ ಹಣ ಎಂಬುದು ನಮಗೆ ಗೊತ್ತು. ಆ ಕಾಗದವನ್ನು ಓದುವವರಿಗೆ, ವೀಸಾಕ್ಕಾಗಿ ಯಾರಿಂದಲೋ ತಂದು ಹಾಕಿದ ಹಣದಂತೆ ಕಾಣುವ ಸಂಭವವಿದೆ. ಆದುದರಿಂದ ಚೆರ್ರಿ (ಹಣ್ಣಿನ ಸಮೇತ ಒಣಗಿಸಿದ ಕಾಫಿ) ಅಥವಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಮಾರಾಟದ ಬಿಲ್ಲನ್ನು ಜೊತೆಗಿಟ್ಟು, ಬ್ಯಾಂಕ್ ಹಾಳೆಯಲ್ಲಿ ಆ ಸಾಲಿನ ಪಕ್ಕ ಪೆನ್ಸಿಲ್ಲಿನಿಂದ ಗುರುತು ಮಾಡಿ, ವಿವರಣಾ ಪತ್ರದಲ್ಲಿ ಅದೇ ದಿನಾಂಕವನ್ನೂ ಮೊತ್ತವನ್ನೂ ಉಲ್ಲೇಖಿಸಬೇಕು.

ದಿನವಾರು ಕಾರ್ಯಕ್ರಮಪಟ್ಟಿಯಲ್ಲಿ ಪ್ರತಿ ದಿನಾಂಕದ ಎದುರು ಊರು, ನೋಡುವ ಸ್ಥಳ, ಉಳಿಯುವ ಹೋಟೆಲಿನ ಹೆಸರು ಮತ್ತು ದೂರವಾಣಿ ಇರಬೇಕು. ಒಂದು ರಾತ್ರಿಯೂ ಖಾಲಿ ಉಳಿಯಬಾರದು, ಹೋಟೆಲ್ ಬುಕಿಂಗಿನ ದಿನಾಂಕಗಳೊಡನೆ ಅದು ಅಕ್ಷರಶಃ ಹೊಂದಬೇಕು.

ಈಗ ಭಾರತದಲ್ಲಿ ವಾಸಿಸುವವರಿಗೆ ಅಲ್ಪಾವಧಿಯ ಪ್ರವಾಸಕ್ಕೆ ಜಪಾನ್ ಇ-ವೀಸಾ ನೀಡುತ್ತಿದೆ. ನಿಲ್ದಾಣದಲ್ಲಿ ವೀಸಾ ಪತ್ರವನ್ನು ಇಂಟರ್ನೆಟ್ ಸಂಪರ್ಕವಿರುವ ಮೊಬೈಲಿನಲ್ಲಿ ತೆರೆದು ತೋರಿಸಬೇಕು, ಮುದ್ರಿಸಿದ ಕಾಗದವನ್ನಾಗಲಿ ಸ್ಕ್ರೀನ್‌ಶಾಟನ್ನಾಗಲಿ ಒಪ್ಪುವುದಿಲ್ಲ. ಸ್ಮಾರ್ಟ್‌ಫೋನ್ ಬಳಸದ ಹಿರಿಯರ ಪತ್ರವನ್ನು ಮನೆಯ ಇನ್ನೊಬ್ಬರ ಫೋನಿನಲ್ಲಿ ತೆರೆಯುವುದನ್ನು ಊರಲ್ಲೇ ಅಭ್ಯಾಸ ಮಾಡಿಕೊಳ್ಳಿ. ಅಲ್ಲಿ ಇಳಿದ ಕೂಡಲೇ ಫೋನಿಗೆ ಸಂಪರ್ಕ ಸಿಗುವಂತೆ ಇ-ಸಿಮ್ ಅಥವಾ ರೋಮಿಂಗ್ ವ್ಯವಸ್ಥೆಯನ್ನು ಹೊರಡುವ ಮೊದಲೇ ಮಾಡಿರಬೇಕು. ವಲಸೆ ಮತ್ತು ಕಸ್ಟಮ್ಸ್ ವಿವರಗಳನ್ನು ವಿಸಿಟ್ ಜಪಾನ್ ವೆಬ್ ಎಂಬ ಸರ್ಕಾರಿ ಜಾಲತಾಣದಲ್ಲಿ ಮುಂಚಿತವಾಗಿ ತುಂಬಿದರೆ ನಿಲ್ದಾಣದಲ್ಲಿ ಕ್ಯೂಆರ್ ಕೋಡ್ ತೋರಿಸಿದರೆ ಸಾಕು.

ದಾರಿ ಹಾಕುವುದು

ಹತ್ತು ರಾತ್ರಿಗಳಿದ್ದರೆ ನಾನು ಸೂಚಿಸುವ ದಾರಿ ಹೀಗಿದೆ: ಟೋಕಿಯೊದಲ್ಲಿ ನಾಲ್ಕು, ತೊಯಾಮಾ ಮತ್ತು ಕನಜಾವಾಗಳಲ್ಲಿ ಎರಡು, ಕ್ಯೋಟೊದಲ್ಲಿ ಮೂರು, ಒಸಾಕಾ ಅಥವಾ ಬೌದ್ಧ ಮಠಗಳಿರುವ ಕೋಯಾಸಾನ್ ಬೆಟ್ಟದಲ್ಲಿ ಒಂದು. ಹಿರೋಶಿಮಾವನ್ನೂ ಇದರೊಳಗೆ ತುರುಕುವವರಿದ್ದಾರೆ. ಹಾಗೆ ಮಾಡಿದರೆ ಮನೆಗೆ ಬಂದ ಮೇಲೆ ನೆನಪಿನಲ್ಲಿ ಉಳಿಯುವುದು ರೈಲು ನಿಲ್ದಾಣಗಳು ಮಾತ್ರ.

ಟೋಕಿಯೊದಲ್ಲಿ ಮೇ ತಿಂಗಳಿಗೇ ವಿಶೇಷವಾದ ಎರಡು ಸಂಗತಿಗಳಿವೆ. ರ್‍ಯೊಗೊಕು ಬಡಾವಣೆಯ ಕೊಕುಗಿಕಾನ್‌ನಲ್ಲಿ ಮೇ ತಿಂಗಳ ಸುಮೊ ಪಂದ್ಯಾವಳಿ ಹದಿನೈದು ದಿನ ನಡೆಯುತ್ತದೆ, ಸಾಮಾನ್ಯವಾಗಿ ಎರಡನೆಯ ಭಾನುವಾರ ಆರಂಭ. ಗರಡಿಮನೆಯ ಕುಸ್ತಿ ನೋಡಿ ಬೆಳೆದವರು ಇದನ್ನು ಬಿಡಬಾರದು, ಟಿಕೆಟನ್ನು ಮಾತ್ರ ಮುಂಗಡವಾಗಿ ಕೊಳ್ಳಬೇಕು. ತಿಂಗಳ ಮೂರನೆಯ ವಾರಾಂತ್ಯಕ್ಕೆ ಅಸಾಕುಸಾದಲ್ಲಿ ಸಾಂಜಾ ಮತ್ಸುರಿ ಎಂಬ ಉತ್ಸವ. ನಮ್ಮ ಅಡ್ಡೆಯಂತೆ ದೇವರ ಪಲ್ಲಕ್ಕಿಗಳನ್ನು ಹೆಗಲ ಮೇಲೆ ಹೊತ್ತು ಕುಣಿಸುತ್ತಾ ಬೀದಿಗಳಲ್ಲಿ ಸಾಗುತ್ತಾರೆ. ಕ್ಯೋಟೊದ ಅಓಯಿ ಮತ್ಸುರಿ ಮೆರವಣಿಗೆ ಮೇ 15ರಂದು. ಮೂರೂ ಒಂದೇ ಪ್ರವಾಸದಲ್ಲಿ ಸಿಗಬೇಕೆಂದು ಹಟ ಹಿಡಿದರೆ ದಾರಿ ಅಂಕುಡೊಂಕಾಗುತ್ತದೆ, ಒಂದನ್ನು ಆರಿಸಿಕೊಂಡರೆ ಸಾಕು. ಫುಜಿ ಪರ್ವತವನ್ನು ಹತ್ತುವ ಕಾಲ ಜುಲೈನಲ್ಲಿ ಆರಂಭವಾಗುವುದರಿಂದ ಮೇ ತಿಂಗಳಲ್ಲಿ ಅದನ್ನು ದೂರದಿಂದ ನೋಡಬಹುದಷ್ಟೇ.

ತೊಯಾಮಾದಿಂದ ಹೋಗುವ ತತೆಯಾಮಾ ಕುರೊಬೆ ಪರ್ವತ ಮಾರ್ಗಕ್ಕೆ ಒಂದು ಪೂರ್ತಿ ದಿನ ಮೀಸಲಿಡಿ. ಈ ಮಾರ್ಗ ಸಾಮಾನ್ಯವಾಗಿ ಏಪ್ರಿಲ್ ಮಧ್ಯದಲ್ಲಿ ತೆರೆಯುತ್ತದೆ. 2,450 ಮೀಟರ್ ಎತ್ತರದ ಮುರೊಡೊ ಎಂಬಲ್ಲಿ ರಸ್ತೆಯ ಹಿಮವನ್ನು ಯಂತ್ರದಿಂದ ಕೊರೆದು ತೆಗೆದು, ಇಕ್ಕೆಲದಲ್ಲೂ ಹಿಮದ ಗೋಡೆ ನಿಲ್ಲಿಸಿರುತ್ತಾರೆ. ಜೂನ್ ತಿಂಗಳ ಒಳಗೂ ಅದು ಉಳಿದಿರುತ್ತದೆ. ಈ ಜಾಗ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಸುಮಾರು 500 ಮೀಟರ್ ಎತ್ತರದಲ್ಲಿದೆ. ತೊಯಾಮಾದಿಂದ ತತೆಯಾಮಾ ನಿಲ್ದಾಣದವರೆಗೆ ಸ್ಥಳೀಯ ರೈಲು, ಅಲ್ಲಿಂದ ಹಳಿಯ ಮೇಲೆ ಹಗ್ಗದಿಂದ ಎಳೆಯುವ ಕೇಬಲ್ ಕಾರು, ಆಮೇಲೆ ಬಸ್ಸು. ಆರೋಗ್ಯವಂತರು ಮುರೊಡೊದಿಂದ ಮುಂದುವರಿದು ಸುರಂಗದ ಬಸ್ಸು ಮತ್ತು ರೋಪ್‌ವೇ ಹಿಡಿದು 186 ಮೀಟರ್ ಎತ್ತರದ ಕುರೊಬೆ ಅಣೆಕಟ್ಟನ್ನು ದಾಟಿ ಆಚೆ ಬದಿಗೆ ಇಳಿಯಬಹುದು. ಹಿರಿಯರಿದ್ದರೆ ಮುರೊಡೊದಿಂದಲೇ ತೊಯಾಮಾಕ್ಕೆ ಹಿಂದಿರುಗುವುದು ಜಾಣತನ. ಇದೊಂದು ದಿನಕ್ಕಾಗಿ ದಪ್ಪ ಜರ್ಕಿನ್, ಕಿವಿ ಮುಚ್ಚುವ ಟೋಪಿ, ತಂಪು ಕನ್ನಡಕ ಬೇಕು.

ಕ್ಯೋಟೊದ ಬಗ್ಗೆ ಎರಡು ಎಚ್ಚರಿಕೆ ಸಾಕು. ಮೇ ಮತ್ತು ಜೂನ್ ತಿಂಗಳು ಜಪಾನಿನ ಶಾಲಾ ಮಕ್ಕಳ ಪ್ರವಾಸದ ಕಾಲ. ಹತ್ತು ಗಂಟೆಯ ಹೊತ್ತಿಗೆ ಕ್ಯೋಟೊ ಮತ್ತು ನಾರಾದ ದೇವಾಲಯಗಳು ಸಮವಸ್ತ್ರದ ಮಕ್ಕಳಿಂದ ತುಂಬಿಬಿಡುತ್ತವೆ. ಸಂಜೆ ಐದರೊಳಗೆ ಹೆಚ್ಚಿನ ದೇವಾಲಯಗಳು ಬಾಗಿಲು ಹಾಕುತ್ತವೆ. ಆದರೆ ಮೇ ಕೊನೆಯಲ್ಲಿ ಅಲ್ಲಿ ಐದಕ್ಕೂ ಮೊದಲೇ ಸೂರ್ಯೋದಯವಾಗುತ್ತದೆ. ಫುಶಿಮಿ ಇನಾರಿ ಹಗಲೂ ರಾತ್ರಿ ತೆರೆದಿರುತ್ತದೆ, ಕಿಯೊಮಿಜು ದೇವಾಲಯ ಬೆಳಗ್ಗೆ ಆರಕ್ಕೆ ತೆರೆಯುತ್ತದೆ. ನಸುಕಿನಲ್ಲೇ ಏಳುವ ಅಭ್ಯಾಸವಿರುವ ನಮ್ಮ ಹಳ್ಳಿಗಾಡಿನವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ.

ಪ್ಲಾಂಟರುಗಳು ತಪ್ಪದೆ ಒಂದು ದಿನ ಚಹಾ ಬೆಳೆಯುವ ಉಜಿ ಎಂಬ ಊರಿಗೆ ಹೋಗಬೇಕು. ಕ್ಯೋಟೊದಿಂದ ನಾರಾ ಮಾರ್ಗದ ರೈಲಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಮೇ ತಿಂಗಳು ಅಲ್ಲಿ ಹೊಸ ಚಹಾ ಕೀಳುವ ಕಾಲ. ಮಚ್ಚಾ (ಹಸಿರು ಚಹಾದ ಪುಡಿ) ಮತ್ತು ಗ್ಯೊಕುರೊ (ಮೇಲ್ದರ್ಜೆಯ ಹಸಿರು ಚಹಾ) ತಯಾರಿಸುವ ತೋಟಗಳಲ್ಲಿ ಚಿಗುರು ಕೀಳುವ ಸುಮಾರು ಮೂರು ವಾರ ಮೊದಲೇ ಸಾಲುಗಳ ಮೇಲೆ ಕಪ್ಪು ಬಲೆಯನ್ನೂ, ಕೆಲವು ಹಳೆಯ ತೋಟಗಳಲ್ಲಿ ಜೊಂಡಿನ ಚಾಪೆ ಮತ್ತು ಭತ್ತದ ಹುಲ್ಲನ್ನೂ ಹೊದಿಸಿ ಬಿಸಿಲನ್ನು ತಡೆಯುತ್ತಾರೆ. ಬೆಳಕು ಕಡಿಮೆಯಾದಾಗ ಎಲೆಯಲ್ಲಿ ರುಚಿ ಕೊಡುವ ಥಿಯನೈನ್ ಅಂಶ ಉಳಿದು ಒಗರು ತಗ್ಗುತ್ತದೆ. ಬಲೆಯ ಅಂಚಿನಲ್ಲಿ ನಿಂತು ನೋಡಿದರೆ ಒಳಗಿನ ಎಲೆ ಕಡುಹಸಿರಾಗಿಯೂ ತೆಳುವಾಗಿಯೂ, ಹೊರಗಿನ ಸಾಲಿನದು ಹಳದಿ ಬೆರೆತ ಹಸಿರಾಗಿಯೂ ಕಾಣುತ್ತದೆ. ಮುಂಗಾರಿಗೆ ಮೊದಲು ಮರಗಸಿ ಮಾಡಿಸಿ ತೋಟಕ್ಕೆ ಬೆಳಕು ಬಿಡಿಸುವ ನಾವು, ಅದೇ ತಿಂಗಳಲ್ಲಿ ಬೆಳಕನ್ನು ಮುಚ್ಚುವ ಬೆಳೆಗಾರರನ್ನು ಅಲ್ಲಿ ಕಾಣುತ್ತೇವೆ. ಖಾಸಗಿ ತೋಟದೊಳಗೆ ಕೇಳದೆ ಕಾಲಿಡಬಾರದು, ಚಹಾ ಮಳಿಗೆಗಳಲ್ಲಿ ವಿಚಾರಿಸಿದರೆ ಭೇಟಿಗೆ ಅವಕಾಶವಿರುವ ತೋಟಗಳನ್ನು ತಿಳಿಸುತ್ತಾರೆ.

ರೈಲಿನ ಲೆಕ್ಕ

ಜಪಾನಿಗೆ ಹೋಗುವವರೆಲ್ಲ ಜೆಆರ್ ಪಾಸ್ (ಜಪಾನ್ ರೈಲ್ವೆಯ ರೈಲುಗಳಲ್ಲಿ ನಿಗದಿತ ದಿನಗಳವರೆಗೆ ಓಡಾಡಲು ಕೊಡುವ ಪಾಸು) ಕೊಳ್ಳಲೇಬೇಕೆಂಬ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. 2023ರ ಅಕ್ಟೋಬರಿನಲ್ಲಿ ಏಳು ದಿನದ ಸಾಮಾನ್ಯ ಪಾಸಿನ ಬೆಲೆ 29,650 ಯೆನ್‌ನಿಂದ 50,000 ಯೆನ್‌ಗೆ ಏರಿದ ಮೇಲೆ ಆ ಸಲಹೆಗೆ ಅರ್ಥವಿಲ್ಲ. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿನ ಕಾದಿರಿಸಿದ ಆಸನಕ್ಕೆ ಸುಮಾರು 14,000 ಯೆನ್, ಹೋಗಿಬಂದರೂ 28,000. ಮೇಲೆ ಹೇಳಿದ ತೊಯಾಮಾ ಮಾರ್ಗದ ಒಟ್ಟು ರೈಲು ಖರ್ಚೂ ಪಾಸಿನ ಬೆಲೆಯನ್ನು ಮುಟ್ಟುವುದಿಲ್ಲ. ಹೊಕುರಿಕು ಬುಲೆಟ್ ರೈಲು 2024ರ ಮಾರ್ಚ್‌ನಿಂದ ತ್ಸುರುಗಾವರೆಗೆ ಓಡುತ್ತಿರುವುದರಿಂದ ಕನಜಾವಾದಿಂದ ಅಲ್ಲಿಗೆ ಬಂದು, ಥಂಡರ್‌ಬರ್ಡ್ ಎಂಬ ಎಕ್ಸ್‌ಪ್ರೆಸ್ ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಕ್ಯೋಟೊ. ಬಿಡಿ ಟಿಕೆಟ್ ಕೊಳ್ಳಿ. ನಗರದೊಳಗಿನ ರೈಲು, ಬಸ್ಸುಗಳಿಗೆ ಸುಯಿಕಾ ಅಥವಾ ಇಕೋಕಾ ಕಾರ್ಡಿಗೆ ಹಣ ತುಂಬಿಸಿಕೊಂಡರೆ ಸಾಕು.

ಟೋಕಿಯೊ ಮತ್ತು ಕ್ಯೋಟೊ ನಡುವಿನ ತೊಕೈಡೊ ಮಾರ್ಗದ ಬುಲೆಟ್ ರೈಲಿನಲ್ಲಿ ಉದ್ದ, ಅಗಲ, ಎತ್ತರಗಳ ಮೊತ್ತ 160 ಸೆಂಟಿಮೀಟರ್ ಮೀರಿದ ಪೆಟ್ಟಿಗೆಗೆ ಪ್ರತ್ಯೇಕ ಜಾಗವಿರುವ ಆಸನವನ್ನೇ ಕಾದಿರಿಸಬೇಕು. ಒಬ್ಬೊಬ್ಬರಿಗೆ ಒಂದೊಂದು ಮಧ್ಯಮ ಗಾತ್ರದ ಪೆಟ್ಟಿಗೆ ಒಯ್ಯುವುದೇ ಸುಖ. ಅದೂ ಭಾರವೆನಿಸಿದರೆ ಹೋಟೆಲಿನ ಸ್ವಾಗತ ಮೇಜಿನಲ್ಲಿ ಕೊಟ್ಟು ತಕ್ಯುಬಿನ್ ಸೇವೆಯ ಮೂಲಕ ಮುಂದಿನ ಊರಿನ ಹೋಟೆಲಿಗೆ ಕಳುಹಿಸಬಹುದು, ಸಾಮಾನ್ಯವಾಗಿ ಮಾರನೆಯ ದಿನ ತಲುಪುತ್ತದೆ.

ವಸತಿ

ಕೋಣೆಗಳು ಚಿಕ್ಕವು, ಆದರೆ ಸ್ವಚ್ಛ. ರೈಲು ನಿಲ್ದಾಣದಿಂದ ಐದಾರು ನಿಮಿಷದ ನಡಿಗೆಯೊಳಗಿನ ಬಿಸಿನೆಸ್ ಹೋಟೆಲನ್ನು ಆರಿಸಿ, ಹಣ ಮರಳುವ ಷರತ್ತಿನಲ್ಲಿ ಜನವರಿ ಅಥವಾ ಫೆಬ್ರವರಿಯಲ್ಲೇ ಕಾದಿರಿಸಿ.

ಊಟದ ಸಂಗತಿ

ಮೀನು, ಕೋಳಿ ತಿನ್ನುವವರಿಗೆ ಜಪಾನ್ ಸ್ವರ್ಗ. ಅವರು ಹಂದಿ ಮತ್ತು ದನದ ಮಾಂಸದ ಬಗ್ಗೆ ಮಾತ್ರ ಕೇಳಿಕೊಂಡರೆ ಸಾಕು. ಸಸ್ಯಾಹಾರಿಗಳ ಸಮಸ್ಯೆ ಕಣ್ಣಿಗೆ ಕಾಣದ ಕಡೆ ಇದೆ. ದಾಶಿ ಎಂಬ ಸಾರು ಅಲ್ಲಿನ ಅಡುಗೆಯ ಬುನಾದಿ, ಅದನ್ನು ಹೆಚ್ಚಾಗಿ ಒಣಗಿಸಿದ ಬೊನಿಟೊ ಮೀನಿನಿಂದ ತೆಗೆಯುತ್ತಾರೆ. ಬರೀ ತರಕಾರಿ ತೇಲುತ್ತಿರುವ ಉಡೊನ್ ಎಂಬ ದಪ್ಪ ನೂಡಲ್ಸಿನ ಬಟ್ಟಲಿನಲ್ಲೂ, ಹುದುಗಿಸಿದ ಸೋಯಾ ಹಿಟ್ಟಿನ ಮಿಸೊ ಸಾರಿನಲ್ಲೂ, ಬೇಯಿಸಿದ ಕುಂಬಳಕಾಯಿಯಲ್ಲೂ ಅದು ಇರುವ ಸಾಧ್ಯತೆ ಇದೆ. ಅಂಗಡಿಯ ಕರಿ ಅನ್ನಕ್ಕೆ ಬಳಸುವ ಮಸಾಲೆ ಗಟ್ಟಿಯಲ್ಲಿ ಪ್ರಾಣಿಗಳ ಕೊಬ್ಬು ಸಾಮಾನ್ಯ. ಮಾಂಸ, ಮೀನು, ಮೀನಿನ ದಾಶಿ ಯಾವುದೂ ಬೇಡ ಎಂದು ಜಪಾನಿ ಲಿಪಿಯಲ್ಲಿ ಬರೆದ ಚೀಟಿಯನ್ನು ಮೊಬೈಲಿನಲ್ಲಿಟ್ಟುಕೊಂಡು, ಕೂರುವ ಮೊದಲೇ ತೋರಿಸಬೇಕು. ಸಾಧ್ಯವಿಲ್ಲ ಎಂದು ಅವರು ವಿನಯದಿಂದ ತಲೆಬಾಗಿದರೆ ವಾದಿಸದೆ ಹೊರಬರುವುದು ಮರ್ಯಾದೆ.

ಹಾಗೆಂದು ಉಪವಾಸ ಬೀಳಬೇಕಾಗಿಲ್ಲ. ಬೌದ್ಧ ಮಠಗಳ ಶೋಜಿನ್ ರ್‍ಯೋರಿ ಸಂಪೂರ್ಣ ಸಸ್ಯಾಹಾರ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ವರ್ಜಿಸುತ್ತಾರೆ, ದಾಶಿಯನ್ನು ಕೊಂಬು ಎಂಬ ಕಡಲ ಪಾಚಿ ಮತ್ತು ಒಣ ಅಣಬೆಯಿಂದ ತೆಗೆಯುತ್ತಾರೆ. ಶ್ರವಣಬೆಳಗೊಳದ ಕಡೆಯ ಜೈನ ಕುಟುಂಬಗಳು ಒಂದನ್ನು ಗಮನಿಸಬೇಕು: ಈ ಊಟದಲ್ಲಿ ಮೂಲಂಗಿ, ಗಜ್ಜರಿ ಮುಂತಾದ ಗಡ್ಡೆಗಳು ಧಾರಾಳ. ಒಸಾಕಾದ ದಕ್ಷಿಣಕ್ಕಿರುವ ಕೋಯಾಸಾನ್ ಬೆಟ್ಟದಲ್ಲಿ ಐವತ್ತರಷ್ಟು ಮಠಗಳು ಯಾತ್ರಿಕರಿಗೆ ವಸತಿಯನ್ನೂ ಈ ಊಟವನ್ನೂ ಕೊಡುತ್ತವೆ. ಸಂಜೆ ಆರರ ಹೊತ್ತಿಗೇ ಎಲೆ ಹಾಕಿಬಿಡುವುದರಿಂದ ಬೇಗ ತಲುಪಬೇಕು. ಟೋಕಿಯೊದ ನಿಶಿ ಕಸಾಯಿಯಲ್ಲಿ ಭಾರತೀಯರ ನೆಲೆ ದೊಡ್ಡದಿದ್ದು, ದಕ್ಷಿಣ ಭಾರತದ ಊಟವೂ ದಿನಸಿಯೂ ಸಿಗುತ್ತವೆ.

ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಚಕ್ಕುಲಿ ಜೊತೆಯಲ್ಲಿರಲಿ. ಮೇ ತಿಂಗಳು ಮಾವು, ಹಲಸಿನ ಕಾಲವಾದರೂ ಹಸಿ ಹಣ್ಣು, ತರಕಾರಿ, ಕರಿಬೇವು, ವೀಳ್ಯದೆಲೆ ಯಾವುದನ್ನೂ ಸಸ್ಯಾರೋಗ್ಯ ಪ್ರಮಾಣಪತ್ರವಿಲ್ಲದೆ ಜಪಾನಿನೊಳಗೆ ಒಯ್ಯುವಂತಿಲ್ಲ, ಮಾಂಸದ ಪದಾರ್ಥಗಳಿಗೂ ನಿಷೇಧವಿದೆ. ಟೋಕಿಯೊದಲ್ಲಿರುವ ಮಗಳಿಗೆಂದು ಬಿತ್ತನೆ ಬೀಜ, ಅಕ್ಕಿ ಕಟ್ಟಿಕೊಡುವವರಿಗೂ ಇದೇ ನಿಯಮ. ಸಿಂಗಾಪುರದ ಮೂಲಕ ಹೋಗುವವರು ಗಸಗಸೆಯನ್ನು ಮನೆಯಲ್ಲೇ ಬಿಡಬೇಕು, ಅಲ್ಲಿ ಅದು ಮಾದಕ ವಸ್ತುವಿನ ಕಾನೂನಿನಡಿ ಬರುತ್ತದೆ.

ಔಷಧಿ, ವಿದ್ಯುತ್, ಹಣ

ವೈದ್ಯರು ಬರೆದುಕೊಟ್ಟ ಸಾಮಾನ್ಯ ಔಷಧಿಗಳನ್ನು ಒಂದು ತಿಂಗಳಿಗೆ ಸಾಕಾಗುವಷ್ಟು ಒಯ್ಯಲು ಅನುಮತಿ ಬೇಕಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಮುಂಚಿತವಾಗಿ ಅಲ್ಲಿನ ಆರೋಗ್ಯ ಇಲಾಖೆಯ ಪ್ರಮಾಣಪತ್ರ ಪಡೆಯಬೇಕು. ಸ್ಯೂಡೊಎಫೆಡ್ರಿನ್ ಇರುವ ನೆಗಡಿ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪುಗಳ ವಿಷಯದಲ್ಲಿ ಜಪಾನಿನ ಕಾನೂನು ಕಠಿಣ. ಔಷಧಿ ಚೀಟಿಯನ್ನು ಇಂಗ್ಲಿಷಿನಲ್ಲಿ, ಸಂಯುಕ್ತದ ಹೆಸರಿನೊಡನೆ ವೈದ್ಯರಿಂದ ಬರೆಸಿಕೊಳ್ಳಿ. ಚಿಕಿತ್ಸಾ ವೆಚ್ಚ ಭರಿಸುವ ಪ್ರಯಾಣ ವಿಮೆಯನ್ನು ಮನೆಯ ಎಲ್ಲರಿಗೂ ಮಾಡಿಸಬೇಕು, ಹಿರಿಯರ ಹಳೆಯ ಕಾಯಿಲೆಗಳನ್ನು ಅರ್ಜಿಯಲ್ಲಿ ಮುಚ್ಚಿಡಬಾರದು.

ಜಪಾನಿನ ವಿದ್ಯುತ್ 100 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ. ಮೊಬೈಲ್ ಚಾರ್ಜರಿಗೆ ಅಡಾಪ್ಟರ್ ಸಾಕು, ನಮ್ಮ ಪುಟ್ಟ ಕರೆಂಟ್ ಒಲೆ, ನೀರು ಕಾಯಿಸುವ ಕಾಯಿಲ್ ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೋಟೆಲ್ ಕೋಣೆಗಳಲ್ಲಿ ಬಿಸಿನೀರಿನ ಕೆಟಲ್ ಸಾಮಾನ್ಯವಾಗಿ ಇರುವುದರಿಂದ ಅದರ ಅಗತ್ಯವೂ ಬೀಳುವುದಿಲ್ಲ. ಫಿಲ್ಟರ್ ಕಾಫಿ ಬಿಡಲಾರದವರು ಒಂದು ಚಿಕ್ಕ ಫಿಲ್ಟರನ್ನೂ ಹುರಿದು ಪುಡಿಮಾಡಿದ ಕಾಫಿಯನ್ನೂ ಒಯ್ಯಬಹುದು.

ಒಂದು ಯೆನ್‌ಗೆ ಅರವತ್ತು ಪೈಸೆ ಎಂದಿಟ್ಟುಕೊಂಡು ಮನಸ್ಸಿನಲ್ಲೇ ಲೆಕ್ಕ ಹಾಕುವುದು ಸುಲಭ. ನಗದನ್ನೇ ಕೇಳುವ ಸಣ್ಣ ಹೋಟೆಲುಗಳೂ ದೇವಾಲಯಗಳೂ ಇನ್ನೂ ಇವೆ, ಆದುದರಿಂದ ಸ್ವಲ್ಪ ಯೆನ್ ನೋಟುಗಳೂ ಒಂದು ಫಾರೆಕ್ಸ್ ಕಾರ್ಡೂ ಇರಲಿ. ಸೆವೆನ್ ಇಲೆವೆನ್ ಅಂಗಡಿಗಳ ಎಟಿಎಂಗಳಲ್ಲಿ ವಿದೇಶಿ ಕಾರ್ಡ್ ನಡೆಯುತ್ತದೆ. ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿರುವುದು ಸಾಮಾನ್ಯ, ಹೊರಡುವ ಮೊದಲು ಬ್ಯಾಂಕಿನ ಆ್ಯಪಿನಲ್ಲಿ ಅದನ್ನು ತೆರೆಯಿರಿ. ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಡದೆ ಸದಾ ಜೊತೆಯಲ್ಲಿಟ್ಟುಕೊಳ್ಳಬೇಕೆಂಬುದು ಅಲ್ಲಿನ ಕಾನೂನು. ಪೊಲೀಸರಿಗೆ 110, ಆಂಬುಲೆನ್ಸಿಗೆ 119.

ಹೊರಡುವ ವಾರ

ಮರಗಸಿ ಮತ್ತು ಮೊದಲ ಗೊಬ್ಬರದ ಕೆಲಸವನ್ನು ಹೊರಡುವ ಮುನ್ನ ಮುಗಿಸುವುದೋ, ತೋಟದ ಮೇಲ್ವಿಚಾರಣೆ ನೋಡುವ ರೈಟರಿಗೆ ಬರೆದುಕೊಟ್ಟು ಹೋಗುವುದೋ ತೀರ್ಮಾನಿಸಬೇಕು. ಬೋರ್ಡೋ ಸಿಂಪಡಣೆಗೆ ಬೇಕಾದ ಮೈಲುತುತ್ತ, ಸುಣ್ಣವನ್ನು ಮೊದಲೇ ತಂದಿಟ್ಟರೆ ಮಳೆ ಒಂದು ವಾರ ಬೇಗ ಬಂದರೂ ಗಾಬರಿಯಿಲ್ಲ. ಜಪಾನಿನ ಸಮಯ ನಮಗಿಂತ ಮೂರೂವರೆ ಗಂಟೆ ಮುಂದಿದೆ. ತೋಟದವರಿಗೆ ಕರೆಮಾಡಲು ಅಲ್ಲಿನ ಬೆಳಗ್ಗೆ ಹನ್ನೊಂದು, ಅಂದರೆ ಇಲ್ಲಿನ ಏಳೂವರೆ, ಹೊಂದುವ ಹೊತ್ತು.

ವಿದೇಶಕ್ಕೆ ಹೋಗುವ ಅನೇಕ ವಿಮಾನಗಳು ಮಧ್ಯರಾತ್ರಿ ಕಳೆದ ಮೇಲೆ ಹೊರಡುತ್ತವೆ. ಟಿಕೆಟಿನಲ್ಲಿ 14ನೇ ತಾರೀಖು ರಾತ್ರಿ 1.30 ಎಂದಿದ್ದರೆ ಮನೆಯಿಂದ ಹೊರಡಬೇಕಾದದ್ದು 13ರ ಮಧ್ಯಾಹ್ನ. ಇದನ್ನು ಮನೆಯ ಕ್ಯಾಲೆಂಡರಿನಲ್ಲಿ 13ರ ಚೌಕದಲ್ಲೇ ಬರೆದಿಡಬೇಕು. ಹಾಸನದಿಂದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಚನ್ನರಾಯಪಟ್ಟಣ, ಕುಣಿಗಲ್ ಮೂಲಕ ನೆಲಮಂಗಲಕ್ಕೆ ಬಂದು, ನಗರದೊಳಗೆ ಇಳಿಯದೆ ದೊಡ್ಡಬಳ್ಳಾಪುರ, ದೇವನಹಳ್ಳಿ ದಾರಿ ಹಿಡಿಯುವುದು ಸಂಜೆಯ ದಟ್ಟಣೆಯಲ್ಲಿ ಎಷ್ಟೋ ವಾಸಿ. ಮೇ ತಿಂಗಳ ಸಂಜೆ ಗುಡುಗು ಮಳೆ ಸುರಿದು ಹೆದ್ದಾರಿಗೆ ಮರ ಬೀಳುವುದುಂಟು, ಆದ್ದರಿಂದ ಎರಡು ಗಂಟೆ ಹೆಚ್ಚೇ ಇಟ್ಟುಕೊಳ್ಳಿ. ಚಿಕ್ಕಮಗಳೂರಿನವರು ಊಟ ಮುಗಿಸಿದ ಕೂಡಲೇ ಗಾಡಿ ಹತ್ತಬೇಕು. ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಎರಡನೆಯ ಟರ್ಮಿನಲ್‌ನಿಂದ ಎಂಬುದನ್ನು ಡ್ರೈವರಿಗೆ ಮೊದಲೇ ತಿಳಿಸಿಡಿ.